ಹಳೆಯ ಬೀಟಲ್ ಇಂಜಿನ್ನಿನ ತಗಡು ಬಿಚ್ಚಲು ಬಿಡಬೇಡಿ

ಮಲೆನಾಡಿನಲ್ಲಿ ಹಳೆಯ ಫೋಕ್ಸ್‌ವ್ಯಾಗನ್ ಬೀಟಲ್ ಇಟ್ಟುಕೊಂಡವರು, ಅದನ್ನು ಮಾಡಿಫೈ ಮಾಡಿಸಬೇಕು ಅಂತಿರುವವರು ದಯವಿಟ್ಟು ಓದಿ.

ನಮ್ಮದು ಚಿಕ್ಕಪ್ಪನ ಕಾರು. ಇಂಜಿನ್ ಹಿಂದೆ, ರೇಡಿಯೇಟರ್ ಇಲ್ಲ, ನೀರು ಬೇಡ. ಅಗಲ ಚಕ್ರ ಹಾಕಿದ್ದು, ಸೀಟು ಹೊಲಿಸಿದ್ದು, ಬಣ್ಣ ಕೆರೆದು ಹೊಸದು ಹೊಡೆದದ್ದು ಎಲ್ಲಾ ಮನೆಯಂಗಳದಲ್ಲೇ. ಮಂಡಗದ್ದೆ ದಾಟಿ ತುಂಗೆಯ ಪಕ್ಕ ತೀರ್ಥಹಳ್ಳಿ ಕಡೆ ಹೋಗುವಾಗ ಹಿಂದಿನಿಂದ ಕೇಳುವ ಆ ಟಕಟಕ ಸದ್ದಿಗೆ ಚಿಕ್ಕಪ್ಪ ರೇಡಿಯೋನೇ ಹಾಕಿಸಿರಲಿಲ್ಲ.

ದೊಡ್ಡ ಕಾರ್ಬೊರೇಟರ್ ಕೂರಿಸಲು ಶಿವಮೊಗ್ಗದ ಒಂದು ಗ್ಯಾರೇಜಿಗೆ ಕೊಟ್ಟೆವು. ಇಂಜಿನ್ ಚೆಂದ ಕಾಣಲಿ ಅಂತ ಅವರು ಸುತ್ತಲಿನ ತಗಡನ್ನೂ ಅಂಚಿನ ರಬ್ಬರನ್ನೂ ತೆಗೆದುಬಿಟ್ಟಿದ್ದರು. ಕೇಳಿದ್ದಕ್ಕೆ, “ಅದು ಸುಮ್ನೆ ಧೂಳಿಗೆ ಹಾಕಿದ್ದು ಸಾರ್, ಈಗ ಗಾಳಿ ಜಾಸ್ತಿ ಆಡುತ್ತೆ” ಅಂದರು.

ಪೂರ್ತಿ ತಪ್ಪು. ಡೈನಮೋ ಶಾಫ್ಟಿನ ತುದಿಯ ಫ್ಯಾನ್ ಮೇಲಿನ ತಣ್ಣನೆ ಗಾಳಿ ಎಳೆದು ಸಿಲಿಂಡರುಗಳ ಮೇಲೆ ತಳ್ಳುತ್ತದೆ. ಬಿಸಿಯಾದ ಗಾಳಿ ಕೆಳಗೆ ಹೋಗುತ್ತದೆ. ಅದು ಮತ್ತೆ ಮೇಲೆ ಬಾರದಂತೆ ತಡೆಯುವುದೇ ಆ ತಗಡು, ರಬ್ಬರು. ಅವಿಲ್ಲದಿದ್ದರೆ ಫ್ಯಾನ್ ಸೈಲೆನ್ಸರಿನ ಬಿಸಿಯನ್ನೇ ಎಳೆದುಕೊಳ್ಳುತ್ತದೆ. ಹಳೆ ಮಾದರಿಗಳಲ್ಲಿ 3ನೇ ಸಿಲಿಂಡರಿಗೆ ಹೋಗುವ ಗಾಳಿಗೆ ಆಯಿಲ್ ಕೂಲರ್ ಅಡ್ಡ ಬೇರೆ. ಆ ಸಿಲಿಂಡರು ಮೊದಲೇ ಜಾಸ್ತಿ ಕಾಯುತ್ತದೆ.

ಊರೊಳಗೆ ಏನೂ ಗೊತ್ತಾಗಲಿಲ್ಲ. ಸೋಮೇಶ್ವರದಿಂದ ಆಗುಂಬೆ ಘಾಟಿ ಹತ್ತುವಾಗ ಗೊತ್ತಾಯಿತು. 14 ಹೇರ್‌ಪಿನ್ ತಿರುವು. ಸಣ್ಣ ಗೇರಿನಲ್ಲಿ ಇಂಜಿನ್ ಜೋರು, ಕಾರು ನಿಧಾನ. ಮೊದಲು ಆಯಿಲ್ ಸುಟ್ಟ ವಾಸನೆ. ಆಮೇಲೆ ಎಳೆತ ಬಿತ್ತು. ಕೊನೆಗೆ ಹಿಂದೆ ಕಬ್ಬಿಣ ಬಡಿದ ಸದ್ದು. ಟೆಂಪರೇಚರ್ ಮೀಟರ್ ಇಲ್ಲದ ಗಾಡಿ, ಮುಂಚೆ ತಿಳಿಯುವುದಾದರೂ ಹೇಗೆ? ಬಿಚ್ಚಿಸಿದರೆ 3ನೇ ಸಿಲಿಂಡರಿನ ಎಕ್ಸಾಸ್ಟ್ ವಾಲ್ವ್ ಮುರಿದು ಪಿಸ್ಟನ್ ತೂತಾಗಿತ್ತು.

“ಹಳೆ ಗಾಡಿ ಅಲ್ವಾ ಸಾರ್” ಅಂತ ಗ್ಯಾರೇಜಿನವರು ಕೈತೊಳೆದುಕೊಂಡರು. ತಗಡು ವಾಪಸ್ ಕೇಳಿದರೆ ಗುಜರಿಗೆ ಹಾಕಿ ಆಗಿತ್ತು! ನನಗೆ ಹೆಚ್ಚು ಸಿಟ್ಟು ಬಂದದ್ದು ಇದಕ್ಕೇ. ಈ ಕಾರಿನ ತಯಾರಿಕೆ ಮೆಕ್ಸಿಕೋದಲ್ಲೂ 2003ರಲ್ಲೇ ನಿಂತಿದೆ. ಅಂಥ ತಗಡು ನಮ್ಮ ಕಡೆ ಎಲ್ಲಿ ಹುಡುಕುವುದು?

ಗಾಡಿ ಬಿಡುವ ಮೊದಲು ಇಂಜಿನ್ನಿನ ಫೋಟೋ ತೆಗೆದಿಟ್ಟುಕೊಳ್ಳಿ. ತರುವಾಗ ಹಿಂದಿನ ಮುಚ್ಚಳ ಎತ್ತಿ ನೋಡಿ. ಇಂಜಿನ್ ಪಕ್ಕದ ಸಂದಿಯಲ್ಲಿ ನೆಲ ಕಂಡರೆ ದುಡ್ಡು ಕೊಡಬೇಡಿ, ಗಾಡಿ ಓಡಿಸಲೂಬೇಡಿ. ಘಾಟಿಯಲ್ಲಿ ಡೈನಮೋದ ಕೆಂಪು ದೀಪ ಹತ್ತಿದರೆ ಅಲ್ಲೇ ನಿಲ್ಲಿಸಿ. ಬೆಲ್ಟ್ ಹರಿದಿದ್ದರೆ ಫ್ಯಾನೂ ನಿಂತಿರುತ್ತದೆ.