ಫಜ್ ಪೆಡಲ್: ಜರ್ಮೇನಿಯಮ್ ಹಾಕಬೇಕಾ, ಸಿಲಿಕಾನನ್ನೇ ತಿದ್ದಬೇಕಾ?

ಮನೆಯಲ್ಲೇ ಕಟ್ಟಿದ ಸಿಲಿಕಾನ್ ಫಜ್ ಫೇಸ್ (ಗಿಟಾರಿನ ದನಿಯನ್ನು ಒರಟಾಗಿಸುವ ಪೆಡಲ್) ಕಿವಿಗೆ ಚುಚ್ಚುತ್ತಿದೆ, ಸಿಲಿಕಾನ್ ಟ್ರಾನ್ಸಿಸ್ಟರ್ ತೆಗೆದು ಜರ್ಮೇನಿಯಮ್ ಹಾಕಲಾ ಎಂದು ಕೇಳಿದ್ದೀರಿ.

ಖರ್ಚು ನೋಡಿದರೆ ಇರುವುದನ್ನೇ ತಿದ್ದುವುದು ಅಗ್ಗ. ಎರಡನೇ ಟ್ರಾನ್ಸಿಸ್ಟರ್‌ನ ಕಲೆಕ್ಟರ್ (ಅದರ ಮೂರು ಕಾಲುಗಳಲ್ಲಿ ಒಂದು) ಕಡೆಯ 8.2 ಕಿಲೋ ಓಮ್ ರೆಸಿಸ್ಟರ್ ತೆಗೆದು, ತಿರುಗಿಸಿ ಓಮ್ ಬದಲಿಸಬಹುದಾದ ಟ್ರಿಮ್‌ಪಾಟ್ ಹಾಕಿ. ಕಲೆಕ್ಟರ್‌ನಲ್ಲಿ ಸುಮಾರು 4.5 ವೋಲ್ಟ್ ಬರಲಿ, ಆಮೇಲೆ ಕಿವಿ ಹೇಳಿದಂತೆ ಸ್ವಲ್ಪ ಆಚೀಚೆ ತಿರುಗಿಸಿ. ಕಲೆಕ್ಟರ್ ಮತ್ತು ಬೇಸ್ ಕಾಲುಗಳ ನಡುವೆ 100 ಪಿಕೋಫ್ಯಾರಡ್ ಕೆಪಾಸಿಟರ್ ಬೆಸುಗೆ ಹಾಕಿದರೆ ಕರ್ಕಶ ದನಿ ತಗ್ಗುತ್ತದೆ. ಇಷ್ಟು ಸಣ್ಣ ಕೆಲಸಕ್ಕೆ ಇಷ್ಟೊಂದು ಬದಲಾವಣೆ ಸಿಗುವುದು ಖುಷಿಯ ವಿಷಯ ಅಲ್ವಾ?

ಜರ್ಮೇನಿಯಮ್‌ಗೆ ಕೆಲಸ ಜಾಸ್ತಿ. ಹಳೆಯ ಜರ್ಮೇನಿಯಮ್ ಟ್ರಾನ್ಸಿಸ್ಟರ್ ಎಸಿ128 ಪಿಎನ್‌ಪಿ ಮಾದರಿಯದು, ಅಂದರೆ ಸಾಮಾನ್ಯ ಎನ್‌ಪಿಎನ್ ಸಿಲಿಕಾನಿಗೆ ಹೋಲಿಸಿದರೆ ಅದರ ಪ್ಲಸ್-ಮೈನಸ್ ಉಲ್ಟಾ. ಸುಮ್ನೆ ಅದೇ ಜಾಗದಲ್ಲಿ ಕೂರಿಸಿದರೆ ಆಗದು, ಬ್ಯಾಟರಿ ಮತ್ತು ಎಲೆಕ್ಟ್ರೋಲೈಟಿಕ್ ಕೆಪಾಸಿಟರ್‌ಗಳ ದಿಕ್ಕನ್ನೂ ತಿರುಗಿಸಬೇಕು. ಗೇನ್ (ಸಿಗ್ನಲ್ ಎಷ್ಟು ಪಟ್ಟು ಹಿಗ್ಗುತ್ತದೆ), ಲೀಕೇಜ್ (ಸುಮ್ನೆ ಸೋರುವ ಕರೆಂಟ್) ಅಳೆದೇ ಆರಿಸಬೇಕು. ಸೆಕೆ ಏರಿದರೆ ಬಯಾಸ್ (ಹೊಂದಿಸಿಟ್ಟ ವೋಲ್ಟೇಜ್) ಜಾರುತ್ತದೆ.

ಆದರೆ ಗಿಟಾರಿನ ವಾಲ್ಯೂಮ್ ಇಳಿಸಿದಾಗ ದನಿ ತಿಳಿಯಾಗುವ ಆ ಚೆಂದ ಜರ್ಮೇನಿಯಮ್‌ನಲ್ಲೇ ಹೆಚ್ಚು. ಮನೆಯಲ್ಲಿ, ಸ್ಟುಡಿಯೋದಲ್ಲಿ ನುಡಿಸುವವರಿಗೆ ಅದು ಒಪ್ಪುತ್ತದೆ. ಬಿಸಿಲಿನ ವೇದಿಕೆಗೆ, ಹಲವು ಪೆಡಲ್‌ಗಳಿಗೆ ಒಂದೇ ಅಡಾಪ್ಟರ್ ಬಳಸುವವರಿಗೆ ಸಿಲಿಕಾನ್ ಸಲೀಸು. ತಗ್ಗು ಸ್ವರಗಳ ದನಿ ಕಲಸಿದಂತಿದ್ದರೆ, ಎರಡರಲ್ಲೂ 2.2 ಮೈಕ್ರೋಫ್ಯಾರಡ್ ಇನ್‌ಪುಟ್ ಕೆಪಾಸಿಟರ್ ಬದಲು ಚಿಕ್ಕದನ್ನು ಹಾಕಿ ನೋಡಿ.