ಕಂಪನಿ ಫಿಟ್ಟಿಂಗ್ ಸಿಎನ್‌ಜಿಯೋ, ಹೊರಗೆ ಹಾಕಿಸಿದ ಕಿಟ್ಟೋ? ಎರಡನ್ನೂ ಓಡಿಸಿದ ಮೇಲೆ

ನನ್ನ ಹಳೆಯ ಕಾರು ಪೆಟ್ರೋಲಿನದು. ಆಮೇಲೆ ಅದಕ್ಕೆ ಸಿಎನ್‌ಜಿ ಕಿಟ್ ಹಾಕಿಸಿ ನಾಲ್ಕು ವರ್ಷ ಓಡಿಸಿದೆ. ಈಗಿರುವುದು ಕಂಪನಿಯಿಂದಲೇ ಸಿಎನ್‌ಜಿ ಆಗಿ ಬಂದ ಗಾಡಿ. ಎರಡರಲ್ಲಿ ಯಾವುದು ಸೇಫ್ ಅಂತ ಕೇಳುವವರಿಗೆ ಕಂಪನಿಯದೇ ಅನ್ನುತ್ತೇನೆ. ಆದರೆ ಒಂದು ವಿಷಯದಲ್ಲಿ ಹಳೆಯದೇ ವಾಸಿ ಇತ್ತು. ಅದನ್ನು ಆಮೇಲೆ ಹೇಳುತ್ತೇನೆ.

ಕಿಟ್ ಹಾಕಿಸಿ ಮೂರು ವಾರ ಆಗಿತ್ತು. ಬೆಳಗ್ಗೆ ಡಿಕ್ಕಿ ತೆಗೆದರೆ ಕೊಳೆತ ವಾಸನೆ. ಈ ಅನಿಲಕ್ಕೆ ತನ್ನದೇ ವಾಸನೆ ಇಲ್ಲ, ಸೋರಿದರೆ ಗೊತ್ತಾಗಲಿ ಅಂತ ಬೆರೆಸಿರುತ್ತಾರೆ. ಗಾಳಿಯಲ್ಲಿ ಸುಮಾರು ಶೇಕಡ 5ರಿಂದ 15ರಷ್ಟು ಸೇರಿದಾಗಲೇ ಅದು ಹೊತ್ತಿಕೊಳ್ಳುವುದು. ಮೂಗಿಗೆ ಅದಕ್ಕಿಂತ ಎಷ್ಟೋ ಮೊದಲೇ ತಿಳಿಯುತ್ತದೆ. ಹಾಗಂತ ಧೈರ್ಯ ಮಾಡಲಿಲ್ಲ. ಕೀ ತಿರುಗಿಸಲಿಲ್ಲ, ಲೈಟ್ ಹಾಕಲಿಲ್ಲ. ಸಿಲಿಂಡರಿನ ನಾಬ್ ಮುಚ್ಚಿ, ನಾಲ್ಕೂ ಬಾಗಿಲು ತೆರೆದು, ಗಾಡಿಯನ್ನು ಶೆಡ್ಡಿನಿಂದ ಬಯಲಿಗೆ ತಳ್ಳಿದೆ. ಎಲ್‌ಪಿಜಿ ನೆಲ ಹಿಡಿದು ಕೂರುತ್ತದೆ. ಸಿಎನ್‌ಜಿ ಗಾಳಿಗಿಂತ ಹಗುರ, ಮೇಲಕ್ಕೆ ಹೋಗಿಬಿಡುತ್ತದೆ. ಮೇಲೆ ಸೂರಿದ್ದರೆ ಮಾತ್ರ ಅಲ್ಲೇ ಸೇರಿಕೊಳ್ಳುತ್ತದೆ.

ವಾಸನೆ ಪೂರ್ತಿ ಹೋದ ಮೇಲೆ ಬಯಲಲ್ಲೇ ನಾಬ್ ಸ್ವಲ್ಪ ತೆರೆದು, ಜಾಯಿಂಟುಗಳಿಗೆ ಬ್ರಶ್ಶಿನಲ್ಲಿ ಸೋಪಿನ ನೀರು ಹಚ್ಚಿದೆ. ಪೈಪು ವಾಲ್ವಿಗೆ ಸೇರುವ ನಟ್ಟಿನ ಸುತ್ತ ಸಾಸಿವೆ ಕಾಳಿನಷ್ಟು ಗುಳ್ಳೆ ಎದ್ದವು, ಒಡೆದವು, ಮತ್ತೆ ಎದ್ದವು. ಅಷ್ಟೇ ಅಲ್ಲ, ವಾಲ್ವಿನ ಸುತ್ತ ಬಿಗಿಯಾಗಿ ಕೂರಬೇಕಾದ ಚೀಲದ ಕ್ಲಿಪ್ಪೇ ಹಾಕಿರಲಿಲ್ಲ. ಸೋರಿದ್ದನ್ನು ಗಾಡಿಯ ಹೊರಗೆ ಬಿಡಲಿ ಅಂತ ಇರುವ ಚೀಲ ಅದು! ಸ್ಪ್ಯಾನರ್ ಹಿಡಿದು ನಾನೇ ಬಿಗಿ ಮಾಡೋಣ ಅನ್ನಿಸಿತ್ತು. ಮಾಡಲಿಲ್ಲ. ಟೈರಿನಲ್ಲಿ ಇರುವುದು ಎರಡು ಎರಡೂವರೆ ಬಾರ್ ಒತ್ತಡ, ತುಂಬಿದ ಸಿಲಿಂಡರಿನಲ್ಲಿ 200 ಬಾರ್. ನಾಬ್ ಮುಚ್ಚಿ, ಪೆಟ್ರೋಲಿನಲ್ಲೇ ಓಡಿಸಿಕೊಂಡು ಬೇರೆ ಮೆಕ್ಯಾನಿಕ್ ಹತ್ತಿರ ಹೋದೆ.

ಕಂಪನಿ ಗಾಡಿಯಲ್ಲಿ ಇಂಥದ್ದು ಇದುವರೆಗೆ ಒಂದೂ ಆಗಿಲ್ಲ. ಪೈಪು ಎಲ್ಲಿ ಹಾಯಬೇಕು, ಎಲ್ಲಿ ಕ್ಲಾಂಪ್ ಬರಬೇಕು ಅನ್ನುವುದು ಮೊದಲೇ ಗೊತ್ತಾಗಿರುತ್ತದೆ. ಫಿಟ್ಟರ್‌ನ ಆ ದಿನದ ಮನಸ್ಸಿನ ಮೇಲೆ ನಿಂತಿಲ್ಲ. ಗ್ಯಾಸ್ ತುಂಬುವ ಮುಚ್ಚಳ ತೆರೆದಿದ್ದರೆ ಇದು ಸ್ಟಾರ್ಟೇ ಆಗುವುದಿಲ್ಲ. ಸುಮ್ನೆ ನಾಲ್ಕೈದು ಸಲ ಪರೀಕ್ಷಿಸಿದೆ, ಒಮ್ಮೆಯೂ ಆಗಲಿಲ್ಲ. ಹಳೆಯದರಲ್ಲಿ ಆ ವ್ಯವಸ್ಥೆ ಇರಲಿಲ್ಲ, ಪೈಪು ತೆಗೆದರೋ ಇಲ್ಲವೋ ಅಂತ ನಾನೇ ಇಳಿದು ನೋಡಬೇಕಿತ್ತು. (ಇಳಿಯುವುದು ಹೇಗೂ ಒಳ್ಳೆಯದೇ. ತುಂಬುವಾಗ ಎರಡೂ ಗಾಡಿಯಲ್ಲಿ ಎಂಜಿನ್ ಆಫ್, ಎಲ್ಲರೂ ಹೊರಗೆ.)

ಓಡಿಸುವಾಗಿನ ವ್ಯತ್ಯಾಸ ಹಿಂಭಾಗದ ಭಾರದಲ್ಲಿ ಕಾಣುತ್ತದೆ. ಉಕ್ಕಿನ ಸಿಲಿಂಡರ್ ಅಂದರೆ ಒಬ್ಬ ದೊಡ್ಡವರು ಯಾವಾಗಲೂ ಡಿಕ್ಕಿಯಲ್ಲಿ ಕೂತ ಹಾಗೆ. ಹಳೆಯ ಕಾರಿಗೆ ಹಿಂದಿನ ಸ್ಪ್ರಿಂಗ್ ಬದಲಿಸಿರಲಿಲ್ಲ. ಹಿಂಭಾಗ ಕುಸಿದು, ರಾತ್ರಿ ಹೆಡ್‌ಲೈಟ್ ಎದುರಿನವರ ಕಣ್ಣಿಗೆ ಹೊಡೆಯುತ್ತಿತ್ತು. ಹೊಸದರಲ್ಲಿ ಆ ತಾಪತ್ರಯ ಇಲ್ಲ.

ಈಗ ಹಳೆಯದು ಗೆದ್ದ ವಿಷಯ. ಅದರಲ್ಲಿ ನಾಬ್ ಡಿಕ್ಕಿ ತೆಗೆದ ತಕ್ಷಣ ಕೈಗೆ ಸಿಗುತ್ತಿತ್ತು. ಹೊಸದರಲ್ಲಿ ಅಂದವಾಗಿ ಹಾಸಿದ ಹಲಗೆಯ ಕೆಳಗಿದೆ. ಒಂದು ದಿನ ಎರಡು ಬ್ಯಾಗ್ ಇಟ್ಟುಕೊಂಡೇ ಪ್ರಯತ್ನಿಸಿದೆ: ಬ್ಯಾಗ್ ಇಳಿಸಿ, ಹಲಗೆ ಎತ್ತಿ, ನಾಬ್ ಮುಟ್ಟುವಷ್ಟರಲ್ಲಿ ಒಂದು ನಿಮಿಷ ದಾಟಿತ್ತು. ಸೋರುವ ಹೊತ್ತಿನಲ್ಲಿ ಒಂದು ನಿಮಿಷ ಜಾಸ್ತಿ ಅಲ್ವಾ? ಆ ಮೂಲೆಯಲ್ಲಿ ಈಗ ಏನೂ ಇಡುವುದಿಲ್ಲ. ಬೆಂಕಿ ಕಂಡರೆ ಮಾತ್ರ ನಾಬಿನ ಆಸೆಯನ್ನೇ ಬಿಟ್ಟು ದೂರ ಓಡಬೇಕು. ಬಿಸಿ ಏರಿದರೆ ಅನಿಲವನ್ನು ತಾನೇ ಹೊರಗೆ ಬಿಡುವ ಸಾಧನ ಸಿಲಿಂಡರಿಗೆ ಇರುತ್ತದೆ, ಆಗ ಹತ್ತಿರ ನಿಲ್ಲಬಾರದು.

ಸಿಲಿಂಡರಿನ ಒತ್ತಡ ಪರೀಕ್ಷೆಯ ತಾರೀಖು ಎರಡಕ್ಕೂ ಇದೆ. ಕಿಟ್ ಹಾಕಿದವರು ಚೀಟಿ ಕೊಟ್ಟು ನೆನಪಿಸಿದ್ದರು. ಕಂಪನಿ ಗಾಡಿಯಲ್ಲಿ ಯಾರೂ ಬಾಯಿ ಬಿಡಲಿಲ್ಲ. ಸಿಲಿಂಡರಿನ ವಿವರ ಬರೆದ ಫಲಕ ನೋಡಿ, ತಾರೀಖನ್ನು ಮಾರ್ಕರಿನಲ್ಲಿ ಗ್ಯಾಸ್ ಮುಚ್ಚಳದ ಒಳಗೆ ಬರೆದಿಟ್ಟಿದ್ದೇನೆ. ಪ್ರತಿ ಸಲ ತುಂಬಿಸುವಾಗಲೂ ಕಣ್ಣಿಗೆ ಬೀಳುತ್ತದೆ.