ಫ್ರಾಂಚೈಸಿ ಚಹಾ ಅಂಗಡಿ, ಸ್ವಂತ ಚಹಾ ಅಂಗಡಿ: ಎರಡನ್ನೂ ನಡೆಸಿ ನೋಡಿದ ಲೆಕ್ಕ

ಹುಬ್ಬಳ್ಳಿಯ ವಿದ್ಯಾನಗರದ ಕಡೆ ನಾನು ಮೊದಲು ಒಂದು ಬ್ರ್ಯಾಂಡಿನ ಚಹಾ ಫ್ರಾಂಚೈಸಿ ನಡೆಸಿದೆ, ಅಂದರೆ ಕಂಪನಿಗೆ ದುಡ್ಡು ಕಟ್ಟಿ ಅವರ ಹೆಸರಲ್ಲಿ ನಡೆಸುವ ಅಂಗಡಿ. ಈಗ ನಡೆಸುತ್ತಿರುವುದು ಸ್ವಂತ ಅಂಗಡಿ. ಗಿರಾಕಿಗಳು ಹೆಚ್ಚುಕಡಿಮೆ ಅವರೇ, ಕಾಲೇಜು ಹುಡುಗರು. ಬಾಡಿಗೆಯೂ ಹತ್ತಿರ ಹತ್ತಿರ ಅಷ್ಟೇ. ಹಾಗಾಗಿ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬಹುದು.

ಶುರುವಿನ ಖರ್ಚು ಮೊದಲು. ಫ್ರಾಂಚೈಸಿ ಶುಲ್ಕ 4 ಲಕ್ಷ, ಅದರ ಮೇಲೆ 18% ಜಿಎಸ್‌ಟಿ 72,000. ನಾವು ಚಹಾ, ತಿಂಡಿಗೆ 5% ಜಿಎಸ್‌ಟಿ ಕಟ್ಟುವವರು, ನಮಗೆ ಇನ್‌ಪುಟ್ ಕ್ರೆಡಿಟ್ (ಕೊಂಡದ್ದಕ್ಕೆ ಕೊಟ್ಟ ಜಿಎಸ್‌ಟಿಯನ್ನು ನಾವು ಕಟ್ಟುವ ಜಿಎಸ್‌ಟಿಯಲ್ಲಿ ಕಳೆದುಕೊಳ್ಳುವುದು) ಇಲ್ಲ. ಅಂದರೆ ಆ 72,000 ಹೋದದ್ದು ಹೋದಂತೆಯೇ. ಬೋರ್ಡು, ಬಣ್ಣ, ಕೌಂಟರ್ ಎಲ್ಲ ಕಂಪನಿ ಹೇಳಿದವರಿಂದಲೇ ಮಾಡಿಸಬೇಕಿತ್ತು. ಸ್ವಂತ ಅಂಗಡಿಗೆ ಮುಚ್ಚಿದ ಹೋಟೆಲಿನವರಿಂದ ಸ್ಟೀಲ್ ಕೌಂಟರ್, ಒಲೆ, ಪಾತ್ರೆ ತಂದೆ. ಅರ್ಧಕ್ಕಿಂತ ಕಡಿಮೆ ದುಡ್ಡಲ್ಲಿ ಬಾಗಿಲು ತೆರೆಯಿತು.

ನಿಜವಾದ ವ್ಯತ್ಯಾಸ ಇರುವುದು ರಾಯಲ್ಟಿಯಲ್ಲಿ, ಅಂದರೆ ಹೆಸರು ಬಳಸಿದ್ದಕ್ಕೆ ಪ್ರತಿ ತಿಂಗಳು ಕಂಪನಿಗೆ ಕೊಡುವ ಪಾಲಿನಲ್ಲಿ. ಅದನ್ನು ಲೆಕ್ಕ ಹಾಕುವುದು ಮಾರಾಟದ ಮೇಲೆ, ಲಾಭದ ಮೇಲಲ್ಲ. ತಿಂಗಳಿಗೆ 3 ಲಕ್ಷ ವ್ಯಾಪಾರ ಅಂದುಕೊಳ್ಳಿ. 6% ರಾಯಲ್ಟಿ ಅಂದರೆ 18,000. ಜಿಎಸ್‌ಟಿ ಸೇರಿ 21,240. ಕಾಲೇಜಿಗೆ ರಜೆ ಬಂದು ವ್ಯಾಪಾರ 1.8 ಲಕ್ಷಕ್ಕೆ ಇಳಿಯಿತು ಅನ್ನಿ. ಬಾಡಿಗೆ, ಸಂಬಳ ಕೊಟ್ಟ ಮೇಲೆ ಕೈಯಿಂದಲೇ ಹಾಕಬೇಕಾದ ತಿಂಗಳು ಅದು. ಆಗಲೂ ಕಂಪನಿಗೆ 12,744 ಹೋಗಲೇಬೇಕು. ಆ್ಯಪ್‌ನಲ್ಲಿ 100 ರೂಪಾಯಿ ಆರ್ಡರ್ ಬಂದರೆ ಆ್ಯಪಿನವರು ಕಮಿಷನ್ ಹಿಡಿದುಕೊಂಡೇ ದುಡ್ಡು ಕೊಡುತ್ತಾರೆ. ರಾಯಲ್ಟಿ ಮಾತ್ರ ಪೂರ್ತಿ ನೂರರ ಮೇಲೆ! ಚಹಾಪುಡಿ, ಮಸಾಲೆ, ಚಹಾ ಕಪ್ ಕೂಡ ಕಂಪನಿಯಿಂದಲೇ ಕೊಳ್ಳಬೇಕು, ಪೇಟೆಗಿಂತ ಜಾಸ್ತಿ ರೇಟಿಗೆ. ಹುಬ್ಬಳ್ಳಿಯಲ್ಲಿ ಸಂಜೆ ಚಹಾದ ಜೊತೆ ಗಿರ್ಮಿಟ್, ಮಿರ್ಚಿ ಕೇಳದವರು ಯಾರು? ಮೆನುವಿನಲ್ಲಿ ಇಲ್ಲ ಅಂತ ಅದನ್ನು ಮಾರಲು ಬಿಡಲಿಲ್ಲ. ಈಗ ನನ್ನ ಅಂಗಡಿಯ ಬಾಡಿಗೆ ಹುಟ್ಟುವುದೇ ಗಿರ್ಮಿಟ್‌ನಿಂದ.

ಫ್ರಾಂಚೈಸಿಯಿಂದ ಸಿಕ್ಕಿದ್ದೂ ಇದೆ, ಅದನ್ನು ಮುಚ್ಚಿಡಬಾರದು. ಹೆಸರು ನೋಡಿಯೇ ಮೊದಲ ವಾರದಿಂದ ಜನ ಬಂದರು. ಅಳತೆ, ಸ್ಟಾಕು, ಬಿಲ್ಲಿಂಗ್ ಎಲ್ಲ ಶಿಸ್ತಾಗಿ ಕಲಿಸಿದರು. ಸ್ವಂತ ಅಂಗಡಿ ಕುದುರಲು ತಿಂಗಳುಗಳೇ ಬೇಕಾದವು. ಮಾಸ್ಟರ್ ಹೇಳದೆ ಕೇಳದೆ ಬಿಟ್ಟು ಹೋದಾಗ ನಾನೇ ಒಲೆ ಮುಂದೆ ನಿಂತೆ. ಆದರೆ ಆ ಮೊದಲ ಜಾತ್ರೆ ನಂಬಿ ಐದು ವರ್ಷದ ಒಪ್ಪಂದಕ್ಕೆ ಸಹಿ ಹಾಕುವುದು ಅಪಾಯ. ನಮ್ಮ ಒಪ್ಪಂದದಲ್ಲಿ ಏರಿಯಾ ರಕ್ಷಣೆ ಇರಲಿಲ್ಲ. ಅದೇ ಬ್ರ್ಯಾಂಡಿನ ಇನ್ನೊಂದು ಅಂಗಡಿ ಹತ್ತಿರದಲ್ಲೇ ತೆರೆಯಿತು, ಗಿರಾಕಿ ಹಂಚಿಹೋದರು.

ಬಾಗಿಲು ಹಾಕುವಾಗಿನ ಲೆಕ್ಕವನ್ನೂ ನೋಡಬೇಕು. ಫ್ರಾಂಚೈಸಿ ಶುಲ್ಕ ವಾಪಸ್ ಇಲ್ಲ. ಬ್ರ್ಯಾಂಡಿನ ಬಣ್ಣ ಬಳಿದ ಕೌಂಟರ್ ಯಾರಿಗೂ ಬೇಡ. ಸ್ವಂತ ಅಂಗಡಿಯ ಸ್ಟೀಲ್ ಸಾಮಾನು ಯಾವತ್ತಿದ್ದರೂ ಮಾರಾಟವಾಗುತ್ತದೆ. ಅಮೆರಿಕದಲ್ಲಿ ಸಹಿಗೆ ಕನಿಷ್ಠ 14 ದಿನ ಮೊದಲೇ ಕಂಪನಿ ತನ್ನ ಶುಲ್ಕ, ಕೋರ್ಟು ಕೇಸು, ಮುಚ್ಚಿದ ಅಂಗಡಿಗಳ ವಿವರ ಲಿಖಿತವಾಗಿ ಕೊಡಬೇಕು. ನಮ್ಮಲ್ಲಿ ಫ್ರಾಂಚೈಸಿಗೆ ಅಂತ ಪ್ರತ್ಯೇಕ ಕಾಯ್ದೆಯೇ ಇಲ್ಲ. 1872ರ ಕರಾರು ಕಾಯ್ದೆಯೇ ಆಧಾರ, ಕಾಗದದಲ್ಲಿ ಬರೆದದ್ದೇ ಕೊನೆ. ನನ್ನ ಕಾಗದದಲ್ಲಿ ತಕರಾರು ಬಂದರೆ ದೆಹಲಿಯಲ್ಲಿ ಮಧ್ಯಸ್ಥಿಕೆ ಅಂತ ಇತ್ತು. ಹುಬ್ಬಳ್ಳಿಯ ಚಹಾ ಅಂಗಡಿಯವನು ದೆಹಲಿಗೆ ಎಷ್ಟು ಸಲ ಓಡಾಡಬಲ್ಲ, ಹೇಳಿ?

ಎಲ್ಲ ಫ್ರಾಂಚೈಸಿಯೂ ಹೀಗಲ್ಲ. ಅಮುಲ್ ಮಳಿಗೆಗೆ ರಾಯಲ್ಟಿ ಇಲ್ಲ. ಎಂಆರ್‌ಪಿ ಮೇಲೆ ಮಾರ್ಜಿನ್ ಸಿಗುತ್ತದೆ, ಹಾಲಿಗೆ ಬಹಳ ಕಡಿಮೆ, ಐಸ್‌ಕ್ರೀಮಿಗೆ ಜಾಸ್ತಿ. ಕೈಗೆ ಬರುವುದು ದೊಡ್ಡ ಮೊತ್ತವಲ್ಲ, ಆದರೆ ಮುಳುಗುವ ಮೊತ್ತವೂ ಚಿಕ್ಕದು.

ಸಾಲ ಮಾಡಿ ಶುರು ಮಾಡುವವರಿಗೆ ನಾನು ಸ್ವಂತ ಅಂಗಡಿಯನ್ನೇ ಹೇಳುತ್ತೇನೆ. ಬ್ರ್ಯಾಂಡೇ ಬೇಕು ಅಂದರೆ, ಅದನ್ನು ಬಿಟ್ಟವರನ್ನು ಹುಡುಕಿ ಮಾತಾಡಿಸಿ. ಚೆನ್ನಾಗಿ ನಡೆಯುತ್ತಿರುವ ಅಂಗಡಿಗಳ ನಂಬರನ್ನು ಕಂಪನಿಯವರೇ ಕೊಡುತ್ತಾರೆ.